ಬಚ್ಚಲಿಗೆ ನಾಲ್ಕು ಟೈಲ್ಸ್

ಗೌಂಡಿ ಕೆಲಸದಾಗ ದಿನಾ ಏನಾದರೊಂದು ಆಗತೈತಿ. ಕಟ್ಟಿದ ಗೋಡಿ ಮರೀತೀನಿ, ಇಂಥಾವು ಮರೆಯೂದಿಲ್ಲ.

ಗಜೇಂದ್ರಗಡದಾಗ ಮನಿ ಕಟ್ಟಾಕತ್ತಿದ್ವಿ. ಹೊಸ ಇಂಜಿನಿಯರ್ ಸಾಹೇಬರು ಬಂದರು. ಸಾಮಾನು, ಹೊತ್ತು, ಏನೂ ದಂಡ ಆಗಬಾರದು ಅಂದರು. ನನಗ ಅದೇ ತ್ರಾಸ ಆತು. ರೋಣ, ನರಗುಂದ, ಕೊಣ್ಣೂರು, ಎಲ್ಲಿ ಕೆಲಸ ಮುಗಿದರೂ ಉಳಿದ ಟೈಲ್ಸ್ ಕೇಳಿ ತಂದು ನಮ್ಮ ಬಚ್ಚಲಿಗೆ ಹಚ್ಚತಿದ್ದೆ. ಎಲ್ಲಿ ಯಾವುದು ಅಂತ ಹೆಂಡತಿ ತೋರಸತಿದ್ದಳು. ನಾಲ್ಕು ಕಡಿಮಿ ಇದ್ದಾಗ ಆಕಿ ಹೋದಳು. ವರ್ಷದ ತಿಥಿಯೊಳಗ ಮುಗಿಸಬೇಕಿತ್ತು.

೧. ನಿಂತ ಮೀಟಿಂಗ್

ದಿನಾ ಮುಂಜಾನೆ ಹತ್ತು ನಿಮಿಷ ನಿಂತು ಮಾತಾಡಬೇಕು. ಕುಂತರ ಹೊತ್ತು ದಂಡ.

"ಇವತ್ತು ಏನು ಅಡ್ಡಿ ಐತಿ, ಹೇಳ್ರಿ" ಅಂದರು ಸಾಹೇಬರು.

ನಾವು ತಲಿ ತಗ್ಗಿಸಿ ನಿಂತ್ವಿ. ಎದುರಮನಿ ಅವ್ವ ನೋಡಿ, ಮಾಲೀಕರ ಕಡೆ ಯಾರೋ ಸತ್ತಾರ ಅಂದುಕೊಂಡಳು. ಸಾವಿನ ಮನ್ಯಾಗ ಒಲಿ ಹಚ್ಚೂದಿಲ್ಲಲ್ಲ, ಒಂದು ಬೋಗಾಣಿ ಉಪ್ಪಿಟ್ಟು ತಂದಳು.

ಮರುದಿನ ಸಾಹೇಬರು ಬರೂ ಮೊದಲೇ ಎಲ್ಲರೂ ತಲಿ ತಗ್ಗಿಸಿ ನಿಂತಿದ್ವಿ.

೨. ಗೋಡಿ ಮ್ಯಾಲಿನ ಗೆರಿ

ಹುಡುಕಾಡಿ ಹೊತ್ತು ಕಳೀಬಾರದು ಅಂತ ಕರಣಿ, ಸಲಿಕಿ, ತೂಗುಗುಂಡು, ಒಂದೊಂದರ ಆಕಾರ ಗೋಡಿ ಮ್ಯಾಲ ಬರೆಸಿದರು. ತಗೊಂಡದ್ದು ಅಲ್ಲೇ ಇಡಬೇಕು. ಮೂರನೇ ದಿನ ಮೂಲ್ಯಾಗ ಕುಂತ ಮನುಷ್ಯಾನ ಆಕಾರ ಇತ್ತು.

"ಇದೇನ್ರಿ?" ಅಂದರು ಸಾಹೇಬರು.

"ವಾಚ್‌ಮನ್ನರಿ. ಅಂವನ್ನ ಹುಡುಕೂದ ಭಾಳ ಆಗಿತ್ರಿ."

ಆವತ್ತಿನಿಂದ ವಾಚ್‌ಮನ್ನಗ ಏಳು ಅಂದರ ಏಳೂದಿಲ್ಲ. "ಸಾಹೇಬರು ಇಲ್ಲೇ ಇಟ್ಟಾರ" ಅಂತಾನ.

೩. ಬಚ್ಚಲ

ಟೈಲ್ಸ್ ಎಣಿಸಿ ತರಿಸಿದರು. ನಮ್ಮ ಬಚ್ಚಲಿಗೆ ನಾಲ್ಕು ಬೇಕ್ರಿ ಅಂತ ಸಂಕೋಚ ಬಿಟ್ಟು ಕೇಳಿದೆ.

"ಒಡೀತಾವಂತ ಐದು ಹೆಚ್ಚಿಗಿ ತರಿಸೇನಿ ಯಜಮಾನ್ರ. ಉಳಿಸಿದರ ನಿಮ್ಮವು."

ಕೂಸಿನಂಗ ಹಿಡಿದೆ. ಒಂದು ಒಡೀತು. ನಾಲ್ಕು ಉಳಿದವು. ತಿಥಿ ಹಿಂದಿನ ದಿನ ಹಚ್ಚಿದೆ.

ತಿಥಿ ಊಟಕ್ಕ ನಮ್ಮ ಮನಿಗೆ ಬಂದ ಸಾಹೇಬರು ಕಾಲು ತೊಳೆಯಾಕ ಹೋದರು. ಹೊರಗ ಬರಲೇ ಇಲ್ಲ. ಇಣುಕಿದೆ. ಹನ್ನೊಂದು ಬಣ್ಣದ ನೆಲದ ಫೋಟೋ ಹೊಡಿಯಾಕತ್ತಿದ್ದರು. "ಒಂದು ಚೂರೂ ದಂಡ ಇಲ್ಲ!" ಅಂದರು.

ಮರುವಾರ ಎಂಟು ಮಂದಿ ಇಂಜಿನಿಯರುಗಳನ್ನ ಬಚ್ಚಲ ತೋರಿಸಾಕ ಕರಕೊಂಡು ಬಂದರು. ನಾನು ಒಳಗ ಜಳಕಾ ಮಾಡಾಕತ್ತಿದ್ದೆ.

"ಯಜಮಾನ್ರ, ಲಗೂ ಬರ್ರಿ. ಹೊತ್ತು ದಂಡ ಆಗತೈತಿ!"

ಟವೆಲ್ ಸುತ್ತಿಕೊಂಡು ಬಂದೆ. ಎಲ್ಲರೂ ಚಪ್ಪಾಳಿ ಹೊಡೆದರು.

"ಇದು ಯಾರ ವಿಚಾರ್ರಿ?" ಅಂತ ಒಬ್ಬರು ಕೇಳಿದರು.

"ನನ್ನ ಹೆಂಡತೀದು."

"ಅವರು ಇದ್ದಿದ್ದರ ಸನ್ಮಾನ ಮಾಡತಿದ್ವಿ" ಅಂದರು ಸಾಹೇಬರು.

"ಆಕಿ ಇದ್ದಿದ್ದರ ಒಳಗ ಬಿಡತಿದ್ದಿಲ್ರಿ. ಈಗಷ್ಟ ನೆಲ ತಿಕ್ಕೇನಿ, ಬೂಟು ತರಬ್ಯಾಡ್ರಿ ಅಂತಿದ್ದಳು."

ಎಂಟೂ ಮಂದಿ ಬಗ್ಗಿ ಬೂಟು ಬಿಚ್ಚಾಕತ್ತಿದರು.