ನಲವತ್ತರ ಮುಳ್ಳು

ನನಗೆ ಮೊಮ್ಮಗಳು ಹುಟ್ಟಿದಳು! ಉಳಿದದ್ದೆಲ್ಲ ಆಮೇಲೆ. ಮೋಟಾರ್ ಸೈಕಲ್ಲಿನ ಮೀಟರು, ಚಿಕ್ಕೋಡಿಯ ಮಿಸ್ತ್ರಿ, ನನ್ನ ಸಿಟ್ಟು ಎಲ್ಲವೂ ಈ ಒಂದು ಮಾತಿನ ಹಿಂದೆ ಸಾಲಾಗಿ ನಿಲ್ಲಲಿ. ನಾನು ಎರಡನೇ ಇಯತ್ತೆಗೇ ಶಾಲೆ ಬಿಟ್ಟವನು, ಬರೆಯುವ ಉಸಾಬರಿ ನನ್ನದಲ್ಲ. ಆದರೆ ಇಷ್ಟು ಸಂತೋಷ, ಇಷ್ಟು ಸಿಟ್ಟು ಎರಡನ್ನೂ ಒಂದೇ ಹೊಟ್ಟೆಯಲ್ಲಿ ಇಟ್ಟುಕೊಂಡು ಮನುಷ್ಯ ಸುಮ್ಮನೆ ಹೇಗೆ ಕೂರಬೇಕು? ಸೊಸೆಯ ತವರೂರು ಸತ್ತಿಯಿಂದ ಬೀಗರು ಸುದ್ದಿ ತಿಳಿಸಿದಾಗ, ನಮ್ಮ ಬೇಡಕಿಹಾಳದ ಕಿರಾಣಿ ಅಂಗಡಿಯ ಫೋನು ಹಿಡಿದು ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ, ಅಂಗಡಿಯವನು, "ಕಾಕಾ, ಫೋನ್ ಇಟ್ಟ ಮಾತಾಡ್ರಿ, ಹಂಗೂ ಸತ್ತಿತನಾ ಕೇಳಸ್ತೈತಿ" ಎಂದ.

ಆ ದಿನವೇ ಊರಿಗೆಲ್ಲ ಪೇಢೆ ಹಂಚಿದೆ. ನಮ್ಮ ಗಡಿಯ ಕಡೆ ಗಂಡು ಹುಟ್ಟಿದರೆ ಪೇಢೆ, ಹೆಣ್ಣು ಹುಟ್ಟಿದರೆ ಜಿಲೇಬಿ. ಈ ಕಾನೂನು ಮಾಡಿದವನು ಯಾವನೋ, ನನ್ನ ಕೈಗೆ ಸಿಕ್ಕಿಲ್ಲ. ಪಕ್ಕದ ಹೊಲದ ರಾವಸಾಬ ಪೇಢೆ ಬಾಯಿಗೆ ಹಾಕಿಕೊಂಡು, "ಗಂಡೇನೋ?" ಎಂದ. ಹೆಣ್ಣು ಎಂದೆ. "ಮತ್ತ ಜಿಲೇಬಿ ಹಂಚಬೇಕಿತ್ತಲಾ!" ಎಂದ. ಅವನಿಗೆ ಎರಡನೇ ಪೇಢೆ ಕೊಡಲಿಲ್ಲ.

ಹದಿಮೂರನೆಯ ದಿನ ಸತ್ತಿಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ನಿಶ್ಚಯವಾಯಿತು. ನಾನಿನ್ನೂ ಮೊಮ್ಮಗಳ ಮುಖ ನೋಡಿರಲಿಲ್ಲ. ಬೀಗರು ಹೇಳಿ ಕಳಿಸಿದ್ದರು: "ದೀಪಾ ಹಚ್ಚೂ ಹೊತ್ತಿಗೆ ತೊಟ್ಟಲಕ್ಕ ಹಾಕ್ತೀವ್ರಿ. ಹೊತ್ತ ಮೀರಸಾಕ ಬರೂದಿಲ್ಲ." ಬೆಳಿಗ್ಗೆಯೇ ನನ್ನ ಹೆಂಡತಿ ಗಂಗವ್ವ, ಮಗಳು, ಓಣಿಯ ಹೆಂಗಸರು, ತೊಟ್ಟಿಲು, ಉಂಡಿಯ ಡಬ್ಬಿಗಳು ಎಲ್ಲ ಸೇರಿ ಜೀಪು ತುಂಬಿತು. ಡಬ್ಬಿಗಳಿಗೆ ಜಾಗ ಸಿಕ್ಕಿತು, ಅಜ್ಜನಿಗೆ ಸಿಗಲಿಲ್ಲ. ಕಬ್ಬಿಗೆ ನೀರು ಬಿಡುವ ಪಾಳಿ ಮುಗಿಸಿಕೊಂಡು ಮಧ್ಯಾಹ್ನ ನಾನೂ ಮಗ ಬಾಬುವೂ ಮೋಟಾರ್ ಸೈಕಲ್ ಮೇಲೆ ಹೊರಟೆವು.

ಇಲ್ಲಿ ನಮ್ಮಿಬ್ಬರ ಕರಾರು ಹೇಳಬೇಕು. ಬಾಬು ನಡೆಸುವ ಗಾಡಿಯ ಹಿಂದೆ ನಾನು ಕೂರಬೇಕಾದರೆ ಮೀಟರಿನ ಮುಳ್ಳು ನಲವತ್ತು ದಾಟಬಾರದು. ನಾನು ಅವನ ಭುಜದ ಮೇಲಿನಿಂದ ಕುತ್ತಿಗೆ ಚಾಚಿ ಮುಳ್ಳನ್ನೇ ನೋಡುತ್ತಿರುತ್ತೇನೆ. ದಾರಿ ನೋಡುವುದು ಅವನ ಕೆಲಸ, ಮುಳ್ಳು ನೋಡುವುದು ನನ್ನ ಕೆಲಸ. ನಲವತ್ತೊಂದಾದರೆ ಬೆನ್ನಿಗೆ ಗುದ್ದು. ಇದು ಹೆದರಿಕೆಯಲ್ಲ, ಅನುಭವ. ರಾಯಬಾಗದ ನನ್ನ ಭಾವಮೈದುನ ಒಮ್ಮೆ ಜೋರಾಗಿ ಬಂದು, ತಿರುವಿನಲ್ಲಿ ತಿರುಗದೆ, ಕಬ್ಬಿನ ಹೊಲದ ಈ ಬದುವಿನಲ್ಲಿ ಹೊಕ್ಕು ಆ ಬದುವಿನಲ್ಲಿ ಹೊರಬಿದ್ದ. ಅವನ ರುಮಾಲು ಕಬ್ಬು ಕಡಿಯುವಾಗ ಸಿಕ್ಕಿತು.

ಚಿಕ್ಕೋಡಿ ಇನ್ನು ಒಂದು ಮೈಲಿ ಇದೆ ಎನ್ನುವಾಗ ಮುಳ್ಳು ಜ್ವರ ಬಂದವರ ಹಾಗೆ ನಡುಗಿತು. ಇಪ್ಪತ್ತಕ್ಕೆ ಇಳಿಯಿತು, ಅರವತ್ತಕ್ಕೆ ಹಾರಿತು, ಆಮೇಲೆ ಸೊನ್ನೆಯ ಮೇಲೆ ಮಲಗಿಬಿಟ್ಟಿತು. ಅದರ ಕೆಳಗೆ ಓಡಿದ ದೂರ ಎಣಿಸುತ್ತ ತಿರುಗುವ ಅಂಕಿಗಳೂ ನಿಂತವು. ಗಾಡಿ ಓಡುತ್ತಿದೆ, ಗಿಡಗಳು ಹಿಂದಕ್ಕೆ ಹೋಗುತ್ತಿವೆ, ಮೀಟರು ಮಾತ್ರ ನಾವು ನಿಂತಿದ್ದೇವೆ ಎನ್ನುತ್ತಿದೆ! ಇಂಥ ಹಸಿ ಸುಳ್ಳು ಹೇಳುವ ಯಂತ್ರದ ಮೇಲೆ ಹೇಗೆ ಕೂರುವುದು? ಇಳಿದೇಬಿಟ್ಟೆ.

"ಅಪ್ಪಾ, ಮುಳ್ಳ ನಿಂತರ ಗಾಡಿ ನಿಂತಂಗೇನು? ಇಂಜಿನ್ ಛಲೋ ಐತಿ, ಹತ್ತು."

"ಹತ್ತೂದಿಲ್ಲ. ನೀ ಎಷ್ಟರಾಗ ಹೊಡ್ಯಾಕತ್ತಿ ಅಂತ ನನಗ ಹೆಂಗ ತಿಳೀಬೇಕು?"

"ನಾನ ಹೇಳ್ತೀನಲಾ!"

"ಮ್ಯಾಟ್ರಿಕ್ ಪಾಸ್ ಆಗೀನಿ ಅಂತ್ಲೂ ನೀನ ಹೇಳಿದ್ದಿ."

ಬಾಬು ಗಾಡಿ ನಿಧಾನ ನಡೆಸಿದ, ನಾನು ಪಕ್ಕದಲ್ಲಿ ನಡೆದೆ. ಬಿಸಿಲಲ್ಲಿ ಒಂದು ಮೈಲಿ. ಚಿಕ್ಕೋಡಿ ಮುಟ್ಟುವ ಹೊತ್ತಿಗೆ ಗಾಡಿ ಮಾಡಿದ ಕಂಪನಿಯವರನ್ನೂ ಮಾರಿದವರನ್ನೂ ಕೊಂಡ ಮಗನನ್ನೂ ಬೈದು ಮುಗಿಸಿದ್ದೆ. ಇಷ್ಟು ದೊಡ್ಡ ಗಾಡಿ ಮಾಡುವವರಿಗೆ ಬೆರಳುದ್ದದ ಮುಳ್ಳು ನೆಟ್ಟಗೆ ಮಾಡಲು ಬರುವುದಿಲ್ಲವೇ? ನಮ್ಮ ಎತ್ತುಗಳಿಗೆ ಮೀಟರಿರಲಿಲ್ಲ, ಆದರೆ ಓಡುವಾಗ ನಿಂತಿದ್ದೇವೆ ಎಂದು ಅವು ಒಮ್ಮೆಯೂ ಹೇಳಿರಲಿಲ್ಲ.

ಅಲ್ಲಿ ಗಾಡಿ ರಿಪೇರಿ ಅಂಗಡಿಯ ಮಿಸ್ತ್ರಿ ದಸ್ತಗೀರ ಬಾಬುವಿನ ಗೆಳೆಯ. "ಬರ್ರಿ ಕಾಕಾ, ಕುಂಡ್ರಿ. ಚಹಾ ತರಸ್ಲಿ?" ಎಂದ.

"ಚಹಾ ಬ್ಯಾಡ, ಮುಳ್ಳ ಬೇಕು. ದೀಪಾ ಹಚ್ಚೂದರಾಗ ಸತ್ತಿ ಮುಟ್ಟಬೇಕು" ಎಂದೆ.

ದಸ್ತಗೀರ ಮುಂದಿನ ಗಾಲಿ ಎತ್ತಿ ಕಲ್ಲು ಕೊಟ್ಟು ನಿಲ್ಲಿಸಿದ. ಗಾಲಿಯಿಂದ ಮೀಟರಿಗೆ ಹಾವಿನಂಥ ಒಂದು ಕೇಬಲ್ ಹೋಗುತ್ತದೆ; ಗಾಲಿ ತಿರುಗಿದರೆ ಅದರ ಒಳಗಿನ ತಂತಿ ತಿರುಗುತ್ತದೆ, ತಂತಿ ತಿರುಗಿದರೆ ಮುಳ್ಳು ಏಳುತ್ತದೆ. ಅವನು ಕೇಬಲ್ಲಿನ ಮೇಲಿನ ತುದಿ ಬಿಚ್ಚಿ ಗಾಲಿಯನ್ನು ಕೈಯಿಂದ ತಿರುಗಿಸಿದ. ತಂತಿ ಗರಗರ ತಿರುಗಿತು. "ಕೇಬಲ್ ಛಲೋ ಐತ್ರಿ. ಗಾಲಿಯಾಗಿನ ಗಿಯರ್ರೂ ಛಲೋ ಐತಿ. ಅಂದ್ರ ರೋಗ ಮೀಟರದಾಗ" ಎಂದ. ನನಗೆ ಹಿಗ್ಗಾಯಿತು. "ಕೇಳಿದೇನಲೇ ಬಾಬು? ಕಂಪನಿಯವರದ ತಪ್ಪು! ಒಳಗ ಹುಸಿ ಮಾಲ ತುಂಬ್ಯಾರ!" ಎಂದೆ. ಅಂಗಡಿಯ ಮುಂದೆ ಹಾದು ಹೋಗುವವರಿಗೂ ಕೇಳಿಸಲೆಂದು ಇನ್ನೊಮ್ಮೆ ಹೇಳಿದೆ. ಇಬ್ಬರು ನಿಂತರು.

ದಸ್ತಗೀರ ಮೀಟರನ್ನು ಕಳಚಿ, ಗಾಜು ತೆಗೆದು ಬಗ್ಗಿಸಿದ. ಒಳಗಿನಿಂದ ಕರಿಯ, ಮಂದ, ಕಾಕಂಬಿಯಂಥ ಎಣ್ಣೆ ಸುರಿಯಿತು. ಮೂಗಿನ ಹತ್ತಿರ ಹಿಡಿದ. ಮುಖ ಕಿವುಚಿದ. ಮತ್ತೆ ಮೂಸಿದ. "ಇದೇನ್ರಿ? ಔಡಲೆಣ್ಣಿ? ಅದರಾಗ ಸುಟ್ಟ ಹುಲ್ಲ? ಎತ್ತಿನ ಗಾಡಿ ಕೀಲೆಣ್ಣಿನ್ನ ಇದಕ್ಕ ಯಾರ ಹಾಕ್ಯಾರ್ರಿ?"

ನಾನು ಎದುರಿನ ಅಂಗಡಿಯ ಬೋರ್ಡು ಓದತೊಡಗಿದೆ. ಎರಡನೇ ಇಯತ್ತೆಯವನಿಗೆ ಅದು ಬಹಳ ಹೊತ್ತಿನ ಕೆಲಸ. ಆದರೆ ಬಾಬು ಕರಿ ಎಣ್ಣೆ ಮೆತ್ತಿದ ನನ್ನ ಬೆರಳುಗಳನ್ನೇ ನೋಡುತ್ತಿದ್ದ.

"ಹೌದು, ನಾನ ಹಾಕೀನಿ!" ಎಂದೆ. "ದೂರದ ದಾರಿಗಿ ಹೊಂಟಾಗ ಕೀಲಿಗಿ ಎಣ್ಣಿ ಹಾಕಲಾರದ ಯಾವ ಮನಷ್ಯಾ ಹೊಂಡತಾನ? ನಮ್ಮಪ್ಪ ಹಾಕ್ತಿದ್ದ, ಅವರಪ್ಪ ಹಾಕ್ತಿದ್ದ. ಮುಂಜಾನಿ ನಾನೂ ಆ ಕೇಬಲ್ ಬಿಚ್ಚಿ ಒಂದ ಸೌಟ ಹಾಕೀನಿ. ಮೊಮ್ಮಗಳನ್ನ ನೋಡಾಕ ಹೊಂಟೀನಿ, ಒಣಾ ಕೀಲಿಲೆ ಹೋಗ್ಲ್ಯಾ?"

"ತಂತಿ ತಿರಗಿ ತಿರಗಿ ಎಣ್ಣಿ ಎಲ್ಲಾ ಮ್ಯಾಲ ಏರಸೇತ್ರಿ ಕಾಕಾ" ಎಂದ ದಸ್ತಗೀರ. "ಎತ್ತ ಹೂಡೂದೊಂದ ಬಿಟ್ಟೀರಿ ನೋಡ್ರಿ." ನಿಂತಿದ್ದ ಇಬ್ಬರು ನಾಲ್ವರಾಗಿದ್ದರು, ನಾಲ್ವರೂ ನಕ್ಕರು. ಮಂದಿಗೆ ಉದ್ಯೋಗವೇ ಇಲ್ಲ.

ಮೀಟರನ್ನು ರಾತ್ರಿಯೆಲ್ಲ ಚಿಮಣಿ ಎಣ್ಣೆಯಲ್ಲಿ ನೆನೆಹಾಕಬೇಕಂತೆ, ನಾಳೆ ಸಿಗುತ್ತದಂತೆ. ಗಾಡಿಯ ಹಣೆಯಲ್ಲಿ ಮೀಟರಿದ್ದ ಕಡೆ ದುಂಡನೆಯ ತೂತು ಮಾತ್ರ ಉಳಿಯಿತು. ಹೊತ್ತು ಇಳಿಯುತ್ತಿತ್ತು. ಬಾಬು ಗಾಡಿ ಹತ್ತಿ ಕೂತು ಹಿಂದೆ ತಿರುಗಿ ನೋಡಿದ. "ಬರ್ತೀಯೋ, ಬಸ್ಸಿಗಿ ಹೋಗ್ತೀಯೋ? ಬಸ್ಸ ಮುಟ್ಟೂದರಾಗ ನಿನ್ನ ಮೊಮ್ಮಗಳು ಹೆಸರ ಇಟಗೊಂಡು ಹಾಲ ಕುಡದ ಮಕ್ಕೊಂಡಿರ್ತಾಳ."

ಜನ್ಮದಲ್ಲಿ ನಾನು ಕರಾರು ಮುರಿದವನಲ್ಲ. ಹತ್ತಿದೆ. ರಾಯಬಾಗ ದಾಟುವ ತನಕ ಕಣ್ಣು ಮುಚ್ಚಿಕೊಂಡೇ ಇದ್ದೆ. ಕೃಷ್ಣಾ ಹೊಳೆ ದಾಟುವಾಗ ಕಣ್ಣು ಬಿಟ್ಟರೆ ಸೂರ್ಯ ನೀರಿನ ಹತ್ತಿರಕ್ಕೆ ಬಂದುಬಿಟ್ಟಿದ್ದ. ಅಲ್ಲಿಂದ ಮುಂದೆ ಏನಾಯಿತೋ ನನಗೆ ಸರಿಯಾಗಿ ನೆನಪಿಲ್ಲ.

ಸತ್ತಿ ಮುಟ್ಟಿದಾಗ ಬೀಗಿತಿ ಕೈಯಲ್ಲಿ ಬೆಂಕಿಪೆಟ್ಟಿಗೆ ಹಿಡಿದು ದೀಪದ ಸಮೆಯ ಮುಂದೆ ನಿಂತಿದ್ದಳು. ಸೊಸೆ ಸುಜಾತಾ ಕೂಸನ್ನು ತಂದು ನನ್ನ ಮಡಿಲಲ್ಲಿ ಹಾಕಿದಳು. ಅಂಗೈಯಗಲದ ಮುಖ. ಅದು ಒಂದು ಕಣ್ಣು ಬಿಟ್ಟು ನನ್ನನ್ನು ನೋಡಿತು, ಆಕಳಿಸಿತು, ಮತ್ತೆ ಮುಚ್ಚಿತು. ಇಷ್ಟಕ್ಕೆ ನಾನು ಅತ್ತೆನೆಂದು ಗಂಗವ್ವ ಹೇಳುತ್ತಾಳೆ. ಗಾಡಿಯ ಮೇಲೆ ಕಣ್ಣಿಗೆ ಧೂಳು ಹೊಕ್ಕಿತ್ತು.

ಹೆಸರಿಟ್ಟ ಮೇಲೆ ಎರಡೂ ಮನೆಯವರು ಪಡಸಾಲೆಯಲ್ಲಿ ಒಂದೇ ಸಾಲಿಗೆ ಊಟಕ್ಕೆ ಕೂತೆವು. ಹೋಳಿಗೆಯ ಮೇಲೆ ತುಪ್ಪ ಬಿತ್ತು. ಆಗ ಬಾಬು ಇಡೀ ಸಾಲಿಗೆ ಕೇಳುವ ಹಾಗೆ ಶುರು ಮಾಡಿದ: "ಹೊಳಿ ದಾಟಿದ ಮ್ಯಾಲ ನಮ್ಮಪ್ಪ ನನ್ನ ಬೆನ್ನಿಗಿ ಗುದ್ದಿ ಗುದ್ದಿ, 'ಹೊಡಿಲೇ, ಇನ್ನಷ್ಟ ಹೊಡಿ, ಎತ್ತ ಹೊಡದಂಗ ಹೊಡ್ಯಾಕತ್ತೀಯಲಾ!' ಅಂದ. ಎಪ್ಪತ್ತರಾಗ ಬಂದೀವಿ!"

ಎಲ್ಲರೂ ಊಟ ಬಿಟ್ಟು ನನ್ನ ಕಡೆ ನೋಡಿದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

"ಎಪ್ಪತ್ತಂತ ಯಾರ ನೋಡ್ಯಾರಲೇ?" ಎಂದೆ. "ಮೀಟರ್ ಎಲ್ಲಿತ್ತು?"

ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಲು ಬೀಗಿತಿಗೆ ಹೇಳಿದೆ.