ಮಾವನ ಕಾರಿಗೆ ವ್ಯಾನಿನ ಮೆದುಳು

ಮಾವನವರನ್ನು ಮೊದಲ ಸಲ ನೋಡಲು ಹೋದಾಗ ನನಗೆ ಕಂಡದ್ದು ಅವರ ಬೂಟುಗಳು ಮಾತ್ರ. ಕಾಂತ್ ಪಟ್ಟಣದ ಅಂಚಿನಲ್ಲಿ ಅವರ ಮನೆ. ಅಂಗಳದಲ್ಲಿ ಏಪ್ರಿಕಾಟ್ ಮರ, ಮರದ ಕೆಳಗೆ ಹಳೆಯ ಮಾಸ್ಕ್ವಿಚ್ ಕಾರು, ಕಾರಿನ ಕೆಳಗೆ ಮಾವ. ಎಡಗಾಲಿನ ಬೂಟಿನ ಲೇಸು ಬಿಚ್ಚಿಕೊಂಡಿತ್ತು. ಬಲಗಾಲಿನ ಅಟ್ಟೆಗೆ ಒಂದು ಹಣ್ಣು ಅಂಟಿ ಅಪ್ಪಚ್ಚಿಯಾಗಿತ್ತು. ನಾನು ಗೆಳೆಯನಿಂದ ಎರವಲು ತಂದ ಕೋಟು ತೊಟ್ಟು, ಮಿಠಾಯಿ ಡಬ್ಬಿ ಹಿಡಿದು ನಿಂತಿದ್ದೆ. "ಸಲಾಮ್ ಹೇಳು" ಎಂದು ನಾನು ಮದುವೆಯಾಗಬೇಕೆಂದಿದ್ದ ಅವರ ಮಗಳು ಬೆರ್ಮೆತ್ ಪಕ್ಕೆಗೆ ತಿವಿದಳು. ಬೂಟುಗಳಿಗೆ ಬಗ್ಗಿ ಸಲಾಮ್ ಹೇಳಿದೆ.

"ಯಾವೂರು?" ಎಂದವು ಬೂಟುಗಳು.

"ನರೀನ್ ಕಡೆಯವನು, ಆತಾ. ಬೆಟ್ಟದ ಮೇಲಿನ ಹಳ್ಳಿ." ನಮ್ಮ ಭಾಷೆಯಲ್ಲಿ ಆತಾ ಎಂದರೆ ಅಪ್ಪ.

"ಏಳು ತಲೆ ಹೇಳು."

ನಮ್ಮಲ್ಲಿ ಏಳು ತಲೆಮಾರಿನ ತಂದೆಯರ ಹೆಸರು ಬಾರದವನಿಗೆ ಹೆಣ್ಣು ಕೊಡುವುದಿರಲಿ, ಕೂರಲು ಜಾಗವನ್ನೂ ಕೊಡುವುದಿಲ್ಲ. ಒಂದೇ ಉಸಿರಿಗೆ ಒಪ್ಪಿಸಿದೆ. ಕೊನೆಯ ಅಜ್ಜನ ಹೆಸರು ಮುಗಿದಾಗ ಬಲಗಾಲಿನ ಬೂಟು ಸ್ವಲ್ಪ ಅಲ್ಲಾಡಿತು. ಪಾಸಾದೆ ಎಂದುಕೊಂಡೆ.

"ಕೆಲಸ?"

ಈ ಪ್ರಶ್ನೆಗಾಗಿಯೇ ನಾನು ಕಾದಿದ್ದೆ! ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಪ್ರಾಣಿ ನಾನು. ಉಳಿದವರೆಲ್ಲ ಕುದುರೆ ಹತ್ತಿದವರು.

"ಎಲೆಕ್ಟ್ರಾನಿಕ್ಸ್ ಪದವಿ ಮಾಡಿದೀನಿ, ಆತಾ. ಬಿಶ್ಕೆಕ್‌ನ ಬಿಡಿಭಾಗಗಳ ಬಜಾರಿನಲ್ಲಿ ಎಂಜಿನ್ ಕಂಪ್ಯೂಟರು ಮಾರ್ತೀನಿ. ಅದರ ಮೇಲಿನ ನಂಬರು ನೋಡಿ, ಅದು ಯಾವ ಕಾರಿನದು ಅಂತ ಹೇಳಬಲ್ಲೆ!"

ಕಾರಿನ ಕೆಳಗೆ ಸ್ಪ್ಯಾನರು ಒಂದು ಸುತ್ತು ತಿರುಗಿತು.

"ಕಾರು ನೋಡಿದ್ರೇ ಗೊತ್ತಾಗಲ್ವೇನಪ್ಪ ಅದು ಯಾವ ಕಾರು ಅಂತ?"

ಬೆರ್ಮೆತ್ ಕಿಸಕ್ಕೆಂದಳು. ನಾನು ಆ ಏಪ್ರಿಕಾಟ್ ಮರದ ಸಾಕ್ಷಿಯಾಗಿ ಪ್ರತಿಜ್ಞೆ ಮಾಡಿದೆ: ಒಂದು ದಿನ ಈ ಬೂಟುಗಳ ಒಡೆಯ ನನ್ನ ವಿದ್ಯೆಯನ್ನು ಕಂಡು ಕಲ್ಪಾಕ್ ಟೋಪಿ ತೆಗೆಯಬೇಕು!

ನನ್ನ ವಿದ್ಯೆ ಸಾಮಾನ್ಯದ್ದಲ್ಲ ಎಂದು ಈಗಲೂ ಹೇಳುತ್ತೇನೆ. ಜಪಾನಿನಿಂದ ಬಂದ ಹಳೆಯ ಕಾರುಗಳನ್ನು ಬಿಚ್ಚಿ, ನಮ್ಮ ಬಜಾರಿನಲ್ಲಿ ಹಡಗಿನ ಕಂಟೇನರುಗಳಲ್ಲಿಟ್ಟು ಮಾರುತ್ತಾರೆ. ಎಂಜಿನ್ ಕಂಪ್ಯೂಟರುಗಳು ನನ್ನ ಕೈಗೆ ಬರುವುದು ಆಲೂಗಡ್ಡೆಯ ಹಾಗೆ, ಗೋಣಿಚೀಲದಲ್ಲಿ. ಎಲ್ಲವೂ ಬೆಳ್ಳಿ ಬಣ್ಣದ ಚಪ್ಪಟೆ ಪೆಟ್ಟಿಗೆಗಳು. ಯಾವುದು ಯಾವ ಕಾರಿನದೆಂದು ಹೆತ್ತ ತಾಯಿಗೂ ತಿಳಿಯದು. ಆದರೆ ಬೆನ್ನ ಮೇಲೊಂದು ಚೀಟಿ, ಚೀಟಿಯಲ್ಲೊಂದು ಉದ್ದನೆಯ ನಂಬರು ಇರುತ್ತದೆ. ಮೊದಲ ಐದು ಅಂಕಿ 'ನಾನು ಎಂಜಿನ್ ಕಂಪ್ಯೂಟರು' ಎನ್ನುತ್ತವೆ. ಅಡ್ಡಗೆರೆಯ ಆಚೆಗಿನ ಎರಡು ಅಂಕಿ ಕುಲ ಹೇಳುತ್ತವೆ. ಮೂವತ್ತಮೂರು ಎಂದರೆ ಕ್ಯಾಮ್ರಿ ಕಾರು. ಇಪ್ಪತ್ತೆಂಟು ಎಂದರೆ ಎಸ್ಟಿಮಾ ವ್ಯಾನು. ಮನುಷ್ಯ ಸುಳ್ಳು ಹೇಳಬಹುದು, ಚೀಟಿ ಹೇಳುವುದಿಲ್ಲ! ಹೀಗೆಂದು ನಾನು ಬೆರ್ಮೆತ್‌ಗೆ ದಿನಾ ಹೇಳುತ್ತಿದ್ದೆ. ಅವಳು ದಿನಾ "ಬ್ರೆಡ್ ತಂದ್ಯಾ?" ಎಂದು ಕೇಳುತ್ತಿದ್ದಳು.

ಮದುವೆಯಾಗಿ ಕೆಲವು ವರ್ಷ ಕಳೆದವು. ನಾದಿನಿ ಚೊಲ್ಪೊನ್‌ಗೆ ಕಾರಾ-ಬಾಲ್ತಾ ಊರಿನ ಹುಡುಗ ಗೊತ್ತಾದ. ಆ ಹುಡುಗನ ಚಿಕ್ಕಪ್ಪ ಜಿರ್ಗಲ್ ಎಂಬುವವರು ತಮ್ಮ ಬಿಳಿಯ ಕ್ಯಾಮ್ರಿ ಕಾರನ್ನು, ಹೇಗೂ ಬೀಗರಾಗುವವರಲ್ಲವೇ ಎಂದು, ನಮ್ಮ ಮಾವನಿಗೆ ಮಾರಿದರು. ಮಾವನ ನಡಿಗೆಯೇ ಬದಲಾಯಿತು. ಮೂಲೆಯಂಗಡಿಯಿಂದ ಉಪ್ಪು ತರಲೂ ಕಾರು! ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ "ಅಸಲಿ ಕ್ಯಾಮ್ರಿ, ಬಾಗಿಲು ಹಾಕಿ ನೋಡು, ಶಬ್ದ ಕೇಳು" ಎನ್ನುತ್ತಿದ್ದರು.

ಓಲೆ ಹಾಕುವ ದಿನ ಬಂತು. ಹುಡುಗನ ತಾಯಿ ಬಂದು ಹುಡುಗಿಯ ಕಿವಿಗೆ ಓಲೆ ಹಾಕಿದರೆ ಮಾತು ಗಟ್ಟಿ. ಮಾವ ಕಾರಿನಲ್ಲಿ ಹೆದ್ದಾರಿಯ ತಿರುವಿನವರೆಗೆ ಹೋಗಿ ಬೀಗರನ್ನು ಎದುರುಗೊಂಡು ಕರೆತರಬೇಕು. ಬೆಳಿಗ್ಗೆಯಿಂದಲೇ ಅಂಗಳದಲ್ಲಿ ಕಡಾಯಿ ಉರಿಯುತ್ತಿತ್ತು. ಹೆಂಗಸರು ಹಿಟ್ಟಿನ ತುಂಡುಗಳನ್ನು ಎಣ್ಣೆಗೆ ಬಿಟ್ಟು ಬೊರ್ಸೊಕ್ ಕರಿಯುತ್ತಿದ್ದರು. ಅಳಿಯನಿಗೆ ಸೌದೆ ಒಡೆಯುವ ಕೆಲಸ. ಪದವೀಧರನ ಕೈಗೆ ಕೊಡಲಿ!

ಅಷ್ಟರಲ್ಲಿ ಮಾವ ಕಾರು ಶುರು ಮಾಡಿದರು. ಅದು ಎರಡು ಸಲ ಕೆಮ್ಮಿ, ಆಮೇಲೆ ಗುರುಗುಟ್ಟಿತು. ನನ್ನ ಕಿವಿ ನೆಟ್ಟಗಾಯಿತು.

"ಆತಾ, ಗಾಡಿ ಕೆಮ್ಮುತ್ತಲ್ಲ! ಒಂದ್ನಿಮಿಷ ನೋಡ್ತೀನಿ."

"ನಾನೂ ಕೆಮ್ತೀನಿ. ಅದಕ್ಕೇನೀಗ?" ಎಂದು ಮಾವ ಕೀಲಿ ತೆಗೆದು ಷೇವ್ ಮಾಡಿಕೊಳ್ಳಲು ಹೋದರು.

ಬೆರ್ಮೆತ್ ಬೊರ್ಸೊಕ್ ತಟ್ಟೆ ಹಿಡಿದು ಬಂದಳು. ನಾನಾಗಲೇ ಮುಂದಿನ ಸೀಟಿನಲ್ಲಿ ತಲೆಕೆಳಗಾಗಿದ್ದೆ.

"ಏನ್ ಮಾಡ್ತಿದೀಯಾ?"

"ಸುಮ್ನೆ ಕಂಪ್ಯೂಟರು ನೋಡ್ತಿದೀನಿ."

"ಸುಮ್ನೆ ಸೌದೆ ಒಡಿ. ಇವತ್ತು ಬೇಡ ಮಾರಾಯ."

"ಐದೇ ನಿಮಿಷ!"

ಡ್ಯಾಶ್‌ಬೋರ್ಡಿನ ಖಾನೆ ಕಳಚಿದೆ. ಪೆಟ್ಟಿಗೆಯನ್ನು ಹೊರಗೆಳೆದೆ. ಚೀಟಿಯ ಧೂಳು ಒರೆಸಿದೆ. ಅಡ್ಡಗೆರೆಯ ಆಚೆಗೆ ಇಪ್ಪತ್ತೆಂಟು!

"ಬೆರ್ಮೆತ್! ಇದು ಕ್ಯಾಮ್ರಿಯದಲ್ಲ! ವ್ಯಾನಿನದು! ನಿಮ್ಮಪ್ಪನಿಗೆ ಮೋಸ ಆಗಿದೆ!"

"ಮೆಲ್ಲಗೆ ಮಾತಾಡು. ಕಾರು ಓಡುತ್ತಾ?"

"ಓಡುತ್ತೆ. ಆದ್ರೆ..."

"ಓಡುತ್ತೆ ಅಂದ್ಮೇಲೆ ವಾಪಸ್ ಇಡು. ಅಪ್ಪನಿಗೆ ಹೇಳ್ಬೇಡ."

ಸತ್ಯವನ್ನು ಬಚ್ಚಿಡಲು ನನ್ನ ಪದವಿ ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ ಪದವಿಗಿಂತ ಹೆಚ್ಚಾಗಿ ಆ ಬೂಟುಗಳು ಒಪ್ಪಲಿಲ್ಲ. ಪೆಟ್ಟಿಗೆಯನ್ನು ಅಂಗಳದ ಬೆಂಚಿನ ಮೇಲಿಟ್ಟು, ಮುಖದ ತುಂಬ ಸೋಪಿನ ನೊರೆ ಇದ್ದ ಮಾವನ ಎದುರು ನಿಂತು, ತೀರ್ಪು ಓದುವ ನ್ಯಾಯಾಧೀಶನಂತೆ ಹೇಳಿದೆ: "ಆತಾ, ನಿಮ್ಮ ಕಾರಿಗೆ ಇರೋದು ವ್ಯಾನಿನ ಮೆದುಳು!"

ನೊರೆಯ ನಡುವೆ ಮಾವನ ಕಣ್ಣುಗಳು ಕೆಂಪಾದವು.

"ನನ್ನ ಕ್ಯಾಮ್ರಿಗಾ? ವ್ಯಾನಿಂದಾ? ಆಲೂಗಡ್ಡೆ ಹೊರೋ ವ್ಯಾನಿಂದಾ?"

"ನಂಬರೇ ಹೇಳುತ್ತೆ, ಆತಾ!"

"ಆ ಜಿರ್ಗಲ್! ನನ್ನ ಮನೆ ಚಹಾ ಕುಡಿದು ನನಗೇ ಟೋಪಿ ಹಾಕಿದ್ನಾ? ಕಾರಲ್ಲೇ ಹಿಂಗೆ ಮಾಡಿದೋರು ಹುಡುಗನ ವಿಷಯದಲ್ಲಿ ಇನ್ನೇನ್ ಮುಚ್ಚಿಟ್ಟಿದಾರೋ! ಓಲೆ ಇಲ್ಲ, ಗೀಲೆ ಇಲ್ಲ! ಬರ್ಲಿ ಇವತ್ತು, ಎಲ್ಲರ ಮುಂದೆ ಕೇಳ್ತೀನಿ!"

ಒಳಗಿನಿಂದ ಚೊಲ್ಪೊನ್ ಓಡಿ ಬಂದಳು. ಅರ್ಧ ತಲೆಗೆ ಜಡೆ, ಅರ್ಧ ತಲೆ ಕೆದರು.

"ಜೆಜ್ದೆ! ಭಾವಾ! ಏನ್ ಹೇಳಿದ್ರಿ ಅಪ್ಪನಿಗೆ?"

"ಬರೀ ನಂಬರು ಹೇಳಿದೆ ಕಣಮ್ಮ."

"ನನ್ನ ಮದುವೆ ಮುರಿದ್ರೆ ನಿಮ್ಮ ಕಂಟೇನರಿಗೇ ಬಂದು ಕೂರ್ತೀನಿ. ನನಗೂ ಒಂದು ನಂಬರು ಅಂಟಿಸಿ ಮಾರ್ಕೊಳ್ಳಿ!" ಎಂದು ಅತ್ತಳು.

ಆದರೆ ವಿದ್ಯಾವಂತನಿಗೆ ಉಪಾಯವಿಲ್ಲವೇ? "ಆತಾ, ನನ್ನ ಅಂಗಡಿಯಲ್ಲಿ ಅಸಲಿ ಕ್ಯಾಮ್ರಿಯ ಪೆಟ್ಟಿಗೆ ಇದೆ. ಈಗ್ಲೇ ತಂದು ಹಾಕ್ತೀನಿ. ಆಮೇಲೆ ನಿಮ್ಮ ಕಾರು ಅಪ್ಪಟ ಕ್ಯಾಮ್ರಿ. ಜಗಳಕ್ಕೆ ಕಾರಣಾನೇ ಇರಲ್ಲ!"

ಮಾವ ಯೋಚಿಸಿದರು. "ಹಂಗಾದ್ರೆ ಸರಿ. ಬೀಗರು ಬರೋ ಹೊತ್ತಿಗೆ ಗಾಡಿ ಅದರ ಸ್ವಂತ ಮೆದುಳಲ್ಲಿ ಓಡ್ಬೇಕು. ಓಡಿದ್ರೆ ಅವಮಾನ ನುಂಗ್ಕೋತೀನಿ. ಓಡ್ಲಿಲ್ವೋ, ಬಾಯಿ ಬಿಡ್ತೀನಿ."

ಚೊಲ್ಪೊನ್‌ಳ ಬಾಳು ನನ್ನ ಸ್ಕ್ರೂಡ್ರೈವರಿನ ತುದಿಗೆ ಬಂದು ನಿಂತಿತು! ಟ್ಯಾಕ್ಸಿ ಹಿಡಿದು ಬಿಶ್ಕೆಕ್‌ಗೆ ಹಾರಿದೆ. ಗೋಣಿಚೀಲ ಸುರಿದೆ. ಮೂವತ್ತಮೂರು ಸಿಕ್ಕಿತು! ಹಾರಿ ವಾಪಸ್ ಬಂದೆ. ಮಾವ ಬಿಳಿಯ ಕಲ್ಪಾಕ್ ಧರಿಸಿ ಸ್ಟೀರಿಂಗ್ ಹಿಡಿದು, ಸಿಂಹಾಸನವೇರಿದ ಖಾನನಂತೆ ಕುಳಿತಿದ್ದರು. ಪೆಟ್ಟಿಗೆ ಕೂರಿಸಿದೆ, ತಂತಿಗಳನ್ನು ಸಿಕ್ಕಿಸಿದೆ. "ತಿರುಗಿಸಿ, ಆತಾ!"

ಮಾವ ಕೀಲಿ ತಿರುಗಿಸಿದರು. ಡ್ಯಾಶ್‌ಬೋರ್ಡಿನಲ್ಲಿ ಹೊಸ ವರ್ಷಕ್ಕೆ ದೀಪ ಕಟ್ಟಿದ ಮರದ ಹಾಗೆ ಎಲ್ಲ ದೀಪಗಳೂ ಹೊತ್ತಿದವು. ಎಂಜಿನ್ ಮಾತ್ರ ಕೆಮ್ಮಲೂ ಇಲ್ಲ.

ಆಗ ನೆನಪಾಯಿತು. ಗಿರಾಕಿಗಳಿಗೆ ನಾನೇ ದಿನವಿಡೀ ಒದರುವ ಮಾತು: 'ಕಂಪ್ಯೂಟರು ಬದಲಿಸಿದರೆ ಕೀಲಿಯ ಗುಟ್ಟನ್ನೂ ಅದಕ್ಕೆ ಕಲಿಸಬೇಕು. ಇಲ್ಲದಿದ್ದರೆ ಅದು ಒಡೆಯನನ್ನೇ ಕಳ್ಳ ಎನ್ನುತ್ತದೆ!' ಕಲಿಸುವ ಯಂತ್ರ ಬಿಶ್ಕೆಕ್‌ನಲ್ಲಿತ್ತು. ಮಾವನನ್ನು ಕಳ್ಳನೆಂದ ಪೆಟ್ಟಿಗೆ ಇಲ್ಲಿತ್ತು.

"ಏನೂ ಇಲ್ಲ, ಆತಾ, ಹಳೇದನ್ನೇ ಹಾಕ್ತೀನಿ!" ಎಂದು ಬೆಂಚಿನ ಕಡೆ ಓಡಿದೆ. ಬೆಂಚಿನ ಮೇಲೆ ಪೆಟ್ಟಿಗೆ ಇಲ್ಲ!

"ಬೆರ್ಮೆತ್! ಇಲ್ಲಿಟ್ಟಿದ್ದ ಪೆಟ್ಟಿಗೆ?"

"ನಂಗೇನ್ ಗೊತ್ತು? ವಾಪಸ್ ಇಡು ಅಂದಿದ್ದೆ. ಇಟ್ಟಿದ್ಯಾ?"

ಅತ್ತೆ ಬುರುಲ್ ಆಪಾ ಕಡಾಯಿಯ ಬಳಿಯಿಂದ ಕೂಗಿದರು. "ಆ ಬೆಳ್ಳಿ ತಗಡಾ? ನೀರು ಇಳೀಲಿ ಅಂತ ಮೊಸರಿನ ಗಂಟಿನ ಮೇಲೆ ಇಟ್ಟಿದೀನಪ್ಪ. ಒಳ್ಳೇ ಚಪ್ಪಟೆಯಾಗಿತ್ತು. ಕಲ್ಲು ಜಾರ್ತಿರ್ಲಿಲ್ಲ."

ಓಡಿದೆ. ಬಟ್ಟೆಯಲ್ಲಿ ಕಟ್ಟಿದ ಮೊಸರಿನ ಗಂಟು, ಅದರ ಮೇಲೆ ಇಪ್ಪತ್ತೆಂಟು, ಅದರ ಮೇಲೆ ದೊಡ್ಡ ಕಲ್ಲು! ಎತ್ತಿ ಬಗ್ಗಿಸಿದೆ. ತಂತಿ ಸಿಕ್ಕಿಸುವ ಬಾಯಿಯಿಂದ ಹುಳಿನೀರು ತೊಟ್ಟಿಕ್ಕಿತು.

ಅದೇ ಹೊತ್ತಿಗೆ ಮಾವನ ಫೋನು ಬಡಿದುಕೊಂಡಿತು. ಬೀಗರು ತಿರುವಿನಲ್ಲಿ ನಿಂತಿದ್ದರು. ಮಾವ ಫೋನನ್ನು ನೋಡಿದರು, ನನ್ನನ್ನು ನೋಡಿದರು, ತೆಗೆಯಲಿಲ್ಲ. ಕಾರಿನಿಂದ ಇಳಿಯಲೂ ಇಲ್ಲ.

ಕಾದು ಸಾಕಾಗಿ ಬೀಗರೇ ದಾರಿ ಕೇಳಿಕೊಂಡು ಬಂದರು. ಎದುರುಗೊಳ್ಳಲು ಯಾರೂ ಬಾರದ ಬೀಗರ ಮುಖ ಹೇಗಿರುತ್ತದೆಂದು ನಾನು ವರ್ಣಿಸಬೇಕಿಲ್ಲ. ಹುಡುಗನ ತಾಯಿ ಓಲೆಯ ಡಬ್ಬಿಯನ್ನು ಕೈಚೀಲದ ಒಳಗೇ ಬಿಗಿಯಾಗಿ ಹಿಡಿದಿದ್ದರು. ಜಿರ್ಗಲ್ ಕಾರಿನ ಕಿಟಕಿಗೆ ಬಗ್ಗಿದರು.

"ಏನ್ ಬೀಗರೇ, ಅಂಗಳದಲ್ಲೇ ಪ್ರಯಾಣವಾ?"

"ನೀವು ಮಾರಿದ ಗಾಡಿ!" ಮಾವ ಸಿಡಿದರು. "ವ್ಯಾನಿನ ಮೆದುಳು ಹಾಕಿ ಕ್ಯಾಮ್ರಿ ಅಂತ ಕೊಟ್ರಲ್ಲ! ನಮ್ಮ ಅಳಿಯ ನಂಬರು ಓದಿದಾನೆ. ಪದವೀಧರ!"

ಎಲ್ಲರೂ ನನ್ನತ್ತ ತಿರುಗಿದರು. ನನ್ನ ಕೈಯಲ್ಲಿ ಹುಳಿನೀರು ಸೋರುವ ಪೆಟ್ಟಿಗೆ. ಕಿಟಕಿಯ ಹಿಂದೆ ಚೊಲ್ಪೊನ್, ಬಾಯಿಗೆ ಅಂಗೈ ಒತ್ತಿಕೊಂಡು.

ಜಿರ್ಗಲ್‌ರ ಮುಖವೂ ಕೆಂಪೇರಿತು. "ಮೋಸ ಅಂದ್ರಾ? ಹಳೇ ಕಂಪ್ಯೂಟರು ಸುಟ್ಟೋಯ್ತು, ವ್ಯಾನಿಂದು ತಂದು ಹಾಕ್ದೆ. ಎರಡಕ್ಕೂ ಒಂದೇ ಎಂಜಿನ್ನು, ಚೆನ್ನಾಗಿ ಓಡುತ್ತೆ. ಮಾರೋ ದಿನವೇ ಹೇಳಿದ್ನಲ್ಲ! 'ಬೀಗರ ಮಧ್ಯೆ ಅದೆಲ್ಲ ಯಾಕೆ, ಚಹಾ ಕುಡೀರಿ' ಅಂದೋರು ಯಾರು?"

ಮಾವ ಕಲ್ಪಾಕನ್ನು ಸರಿಪಡಿಸಿಕೊಳ್ಳತೊಡಗಿದರು. ಅದು ಸರಿಯಾಗಿಯೇ ಇತ್ತು.

"ನಡೀರಿ ಅತ್ತಿಗೆ," ಎಂದರು ಜಿರ್ಗಲ್ ಹುಡುಗನ ತಾಯಿಗೆ. "ಕಳ್ಳರು ಅನ್ನಿಸ್ಕೊಂಡು ಇಲ್ಲಿ ಕೂರೋದು ಬೇಡ."

ಆಗ ಅತ್ತೆ ಕೈ ಒರೆಸಿಕೊಳ್ಳುತ್ತ ನಡುವೆ ಬಂದರು. ಮೊದಲು ನನ್ನ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡರು.

"ಅಳಿಯಾ, ಇದು ಬೇರೆ ಮನೆಯಿಂದ ಬಂದಿದ್ದು. ಅಷ್ಟೇ ತಾನೇ?"

"ಹೌದು ಆಪಾ. ನಂಬರು..."

"ನಾನೂ ಬೇರೆ ಮನೆಯಿಂದ ಬಂದೋಳು. ನನ್ನ ಬೆನ್ನ ಮೇಲೂ ನಮ್ಮಪ್ಪನ ಕುಲವೇ ಇದೆ. ಇಷ್ಟು ವರ್ಷ ಈ ಮನೆ ಯಾರು ಓಡಿಸಿದ್ದು?" ಗಂಡನ ಕಡೆ ತಿರುಗಿದರು. "ನಿಮ್ಮನ್ನೇ ಕೇಳ್ತಿರೋದು. ನಿಮ್ಮ ಮನೆಗೆ ನಾನು ಬಂದಾಗ ಮುಚ್ಚಳ ತೆಗೆದು ನಂಬರು ನೋಡಿದ್ರಾ? ನೋಡಿ, ಮೋಸ ಅಂತ ವಾಪಸ್ ಕಳಿಸಿದ್ರಾ?"

ಮಾವ ಕಾರಿನೊಳಗಿನಿಂದ ಏನೋ ಗೊಣಗಿದರು.

"ಗಟ್ಟಿಯಾಗಿ!"

"ಇಲ್ಲ ಅಂದೆ ಕಣೇ."

ಹುಡುಗನ ತಾಯಿ ಮೊದಲು ನಕ್ಕರು. ಸೆರಗಿನಂತೆ ಹೊದ್ದ ಶಾಲಿನಲ್ಲಿ ಬಾಯಿ ಮುಚ್ಚಿಕೊಂಡರೂ ಭುಜ ಕುಣಿಯುತ್ತಿತ್ತು. "ಹುಡುಗಿಯನ್ನ ಕರೀರಿ," ಎಂದರು. "ನಮ್ಮ ಮನೆಗೆ ಬಂದ್ಮೇಲೆ ಅವಳೂ ನಿಮ್ಮ ನಂಬರಿನೋಳೇ. ನಾವು ಮುಚ್ಚಳ ತೆಗೆಯಲ್ಲ." ಜಿರ್ಗಲ್ ಕಾರಿನ ಬಾಗಿಲು ತೆಗೆದು ಕೈ ಚಾಚಿದರು. ಮಾವ ಆ ಕೈ ಹಿಡಿದು ಇಳಿದರು. ಎರಡೂ ಕಡೆ ಜಡೆ ಮುಗಿಸಿ ಬಂದ ಚೊಲ್ಪೊನ್ ಕಿವಿಗೆ ಓಲೆ ಬಿತ್ತು!

ಊಟದ ಹೊತ್ತಿಗೆ ನಾನು ಬಾಗಿಲ ಮೂಲೆ ಸೇರಿದ್ದೆ. ಬೇಯಿಸಿದ ಕುರಿಯ ತಲೆಯನ್ನು ಹಿರಿಯ ಅತಿಥಿ ಜಿರ್ಗಲ್ ಮುಂದಿಟ್ಟರು. ಪದ್ಧತಿಯಂತೆ ಅವರು ಕಿವಿಯನ್ನು ಕೊಯ್ದು ಮಕ್ಕಳಿಗಾಗಿ ಸುತ್ತ ನೋಡಿದರು. ಹಿರಿಯರ ಮಾತು ಕೇಳುವುದನ್ನು ಕಲಿಯಲಿ ಎಂದು ನಮ್ಮಲ್ಲಿ ಕಿವಿಯನ್ನು ಮಕ್ಕಳಿಗೆ ಕೊಡುತ್ತಾರೆ. ಮಕ್ಕಳೆಲ್ಲ ಕೈ ಚಾಚಿದ್ದರು.

"ಆ ಕಡೆ ಬೇಡ ಬೀಗರೇ," ಎಂದಳು ಬೆರ್ಮೆತ್. "ಇಲ್ಲಿ ಬಾಗಿಲ ಹತ್ರ ಒಬ್ಬ ಇದಾನೆ. ಎರಡೂ ಕಿವಿ ಕೊಡಿ. ಒಂದು ಸಾಲಲ್ಲ."

ಇಡೀ ಮನೆಯ ಮುಂದೆ, ಪದವೀಧರನಾದ ನಾನು ಎರಡೂ ಕಿವಿಗಳನ್ನು ಅಗಿದು ತಿಂದೆ.

ಆ ಪೆಟ್ಟಿಗೆಯನ್ನು ಬಿಚ್ಚಿ, ತೊಳೆದು, ಒಣಗಿಸಿ ನಾನೇ ವಾಪಸ್ ಕೂರಿಸಿದೆ. ಓಡಿತು. ಮಾವ ಈಗ ಪ್ರತಿ ಭಾನುವಾರ ಅದೇ ಕಾರಿನಲ್ಲಿ ಕಾರಾ-ಬಾಲ್ತಾಗೆ ಹೋಗಿ ಮಗಳನ್ನು ನೋಡಿ ಬರುತ್ತಾರೆ. ನನ್ನನ್ನೂ ಕರೆದುಕೊಂಡು ಹೋಗುತ್ತಾರೆ, ಡ್ಯಾಶ್‌ಬೋರ್ಡಿಗೆ ಕೈ ಎಟುಕದ ಹಿಂದಿನ ಸೀಟಿನಲ್ಲಿ.