ತುತ್ತೂರಿಗಿಲ್ಲದ ಕಾಯಿಲೆ

ತಾವು ಇನ್ನು ಹೆಚ್ಚು ದಿನ ಬದುಕುವುದಿಲ್ಲ ಎಂದು ತುತ್ತೂರಿ ರಿಪೇರಿಯ ಮೇಸ್ತ್ರಿ ಒಂದು ಮಂಕು ಮಧ್ಯಾಹ್ನ ತೀರ್ಮಾನಿಸಿದರು. ಹೆಂಡತಿಗೆ ಹೇಳುವಂತಿರಲಿಲ್ಲ, ಹೇಳಿದರೆ ಸೋತಂತೆ.

ನಾಲ್ಕು ತಿಂಗಳ ಹಿಂದೆ ಅಡುಗೆಗೆ ಉಪ್ಪು ಹೆಚ್ಚಾಯಿತೆಂದು ಮಹಾಯುದ್ಧ ನಡೆದು, ಮೇಸ್ತ್ರಿ ಭೀಷ್ಮಪ್ರತಿಜ್ಞೆ ಮಾಡಿದ್ದರು: "ಇನ್ನು ನಿನ್ನ ಕೈಯಡುಗೆ ಮುಟ್ಟಿದ್ರೆ, ಬೀದೀಲಿ ನಿಂತು ತುತ್ತೂರಿ ಊದಿ ಸೋತೆ ಅಂತ ಸಾರ್ತೀನಿ."

"ದೊಡ್ಡ ತುತ್ತೂರೀಲೇ ಊದ್ಬೇಕು ಮತ್ತೆ," ಎಂದಿದ್ದರು ಆಕೆ.

ಅಂದಿನಿಂದ ಮೂರು ಹೊತ್ತೂ ಬ್ರೆಡ್ಡು, ತಾವೇ ಕಾಸಿದ ಚಹಾ. (ಭಾನುವಾರ ಬ್ರೆಡ್ಡು ಸೀದಿರುತ್ತಿತ್ತು.) ಮೊದಲು ಸುಸ್ತು ಬಂತು, ಆಮೇಲೆ ಕಾಲುನೋವು. ಮುಟ್ಟಿದಲ್ಲೆಲ್ಲ ನೀಲಿ ಕಲೆ; ಬೆಸುಗೆ ಹಾಕುವಾಗ ಆದ ಸುಟ್ಟ ಗಾಯ ಮಾಯದೆ ಕೂತಿತ್ತು. ಕೊನೆಗೆ ವಸಡು ಊದಿ, ಹಲ್ಲುಜ್ಜಿದರೆ ರಕ್ತ. ರಿಪೇರಿಯಾದ ತುತ್ತೂರಿಯನ್ನು ಊದಿ ನೋಡುವ ತ್ರಾಣವೂ ಉಳಿಯಲಿಲ್ಲ. ಕೋಣೆಯಲ್ಲಿ ನಿಂಬೆಹೋಳು, ಉಪ್ಪು ಹಾಕಿ ಉಜ್ಜಿದ ಹಿತ್ತಾಳೆ ಮಾತ್ರ ಫಳಫಳ ಹೊಳೆಯುತ್ತಿತ್ತು. ಅದರೊಳಗೆ ತಮ್ಮ ಬಿಳಿಚಿದ ಮುಖ ಕಂಡು ಮೇಸ್ತ್ರಿ ಕದ್ದುಮುಚ್ಚಿ ಡಾಕ್ಟರಮ್ಮನ ಬಳಿಗೆ ಹೋದರು.

ಆಕೆ ವಸಡು ಒತ್ತಿ, ಕಾಲಿನ ಮೇಲೆ ಹೊಸದಾಗಿ ಸುರುಳಿ ಸುತ್ತಿಕೊಂಡಿದ್ದ ಕೂದಲು ನೋಡಿ ಕೇಳಿದರು: "ಊಟ ಏನು?"

"ಬ್ರೆಡ್ಡು."

"ಜೊತೆಗೆ?"

"ಚಹಾ."

"ಹಣ್ಣು, ತರಕಾರಿ?"

"ಪ್ರತಿಜ್ಞೆ ಇದೆ."

ರಕ್ತಪರೀಕ್ಷೆಯ ಚೀಟಿ ಬಂದ ಮೇಲೆ ಡಾಕ್ಟರಮ್ಮ ಕನ್ನಡಕ ತೆಗೆದರು. "ಸ್ಕರ್ವಿ. ವಿಟಮಿನ್ ಸಿ ಒಂಚೂರೂ ಇಲ್ಲ. ಹಿಂದೆ ತಿಂಗಳುಗಟ್ಟಲೆ ಸಮುದ್ರದಲ್ಲಿದ್ದ ನಾವಿಕರಿಗೆ ಬರ್ತಿತ್ತು. ನೀವು ಯಾವ ಹಡಗಲ್ಲಿದ್ರಿ?"

"ಅಡುಗೆಮನೆ ಪಕ್ಕದ ಕೋಣೇಲಿ."

"ಮಾತ್ರೆ ಬರೀತೀನಿ. ದಿನಾ ಹಣ್ಣು ತಿನ್ನಿ, ತರಕಾರಿ ಜಾಸ್ತಿ ಬೇಯಿಸ್ಬೇಡಿ. ಎರಡು ವಾರದಲ್ಲಿ ವಸಡು ಗಟ್ಟಿಯಾಗುತ್ತೆ, ಪೂರ್ತಿ ಸುಧಾರಿಸೋಕೆ ಮೂರು ತಿಂಗಳು ಬೇಕು. ಮನೇಲಿ ನಿಂಬೆಹಣ್ಣು ಸಿಗುತ್ತೇನ್ರಿ?"

ಮೇಸ್ತ್ರಿ ಘಮಘಮಿಸುತ್ತಿದ್ದ ತಮ್ಮ ಹತ್ತೂ ಬೆರಳುಗಳನ್ನು ಮೆಲ್ಲನೆ ಜೇಬಿಗೆ ಇಳಿಸಿದರು.

ಮನೆಗೆ ಬಂದವರೇ ಬುಟ್ಟಿಯಿಂದ ಒಂದು ನಿಂಬೆ ತೆಗೆದು ಕಚ್ಚಿದರು. ಹುಣ್ಣಾದ ವಸಡಿಗೆ ಬೆಂಕಿ ಬಿದ್ದಂತಾಗಿ ಹೊರಟ ಆರ್ತನಾದಕ್ಕೆ ಹೆಂಡತಿ ಓಡಿಬಂದರು. ಚೀಟಿ ಓದಿದರು. ಮುಖ ಸಣ್ಣದಾಯಿತು.

"ಇಷ್ಟು ದಿನ ಈ ನೋವು ನುಂಗ್ಕೊಂಡು ಕೂತಿದ್ರಾ? ತುತ್ತೂರಿಗೆ ನಿಂಬೆ ಡಜನ್‌ಗಟ್ಟಲೆ ತಿನ್ಸಿ, ನಿಮ್ಮ ಬಾಯಿಗೊಂದು ಹನಿ ಬಿಟ್ಕೊಳ್ಳೋಕಾಗ್ಲಿಲ್ವಾ? ನೋಡಿ, ಅವಕ್ಕೆ ಒಂದಕ್ಕೂ ಕಾಯಿಲೆ ಇಲ್ಲ."

ನೀರು, ಸಕ್ಕರೆ ಬೆರೆಸಿದ ತೆಳು ಪಾನಕದ ಲೋಟ ಬಂತು. ಮೇಸ್ತ್ರಿ ಗಟಗಟ ಕುಡಿದರು. ಕಣ್ಣಲ್ಲಿ ನೀರು ಬಂತು, ಹುಳಿಗಿರಬೇಕು.

"ಒಲೆ ಹಚ್ಚಿಲ್ಲ. ಇದು ಅಡುಗೆ ಅಲ್ಲ," ಎಂದರು ಲೋಟ ಕೆಳಗಿಡುತ್ತ.

"ಕಲಕಿದ ಕೈ ಯಾರ್ದು? ಅಡುಗೇನೇ," ಎಂದ ಆಕೆ ಗೂಟದಿಂದ ಅತಿ ದೊಡ್ಡ ತುತ್ತೂರಿಯನ್ನು ಇಳಿಸಿ ಮೇಜಿನ ಮೇಲಿಟ್ಟರು. "ಊದೋದು ಈಗ ಬೇಡ. ವಸಡು ಗಟ್ಟಿಯಾಗ್ಲಿ."

ಅಂದಿನಿಂದ ಮೇಸ್ತ್ರಿಗೆ ರಾಜೋಪಚಾರ: ಬೆಳಗ್ಗೆ ಮಾತ್ರೆ, ಮಧ್ಯಾಹ್ನ ಸೀಬೆಹಣ್ಣು, ಸಂಜೆ ಕಿತ್ತಳೆ. ದಿನಕ್ಕೊಮ್ಮೆ ಹೆಂಡತಿ "ಆ ಅನ್ನಿ" ಎಂದು ಬಾಯಿ ತೆರೆಸಿ ನೋಡುತ್ತಾರೆ. ಹತ್ತನೆಯ ದಿನಕ್ಕೆ ರಕ್ತ ನಿಂತಿದೆ, ವಸಡು ಗುಲಾಬಿ ಬಣ್ಣಕ್ಕೆ ತಿರುಗಿದೆ. ಇಷ್ಟು ಬೇಗ ಗುಣವಾಗುತ್ತಿರುವುದಕ್ಕೆ ಇಷ್ಟು ದುಃಖಪಟ್ಟ ರೋಗಿಯನ್ನು ಡಾಕ್ಟರಮ್ಮ ಕಂಡಿಲ್ಲವಂತೆ.

ಎದುರುಮನೆಯವರು ಈಗಾಗಲೇ ಜಗುಲಿಯಲ್ಲಿ ಎರಡು ಕುರ್ಚಿ ಹಾಕಿಸಿದ್ದಾರೆ.